ಹರಕು ಬೂಟು, ಪೊರಕೆಯವಳು

ಜಗಳಕ್ಕೆ ಕಾರಣ ಒಂದು ಎಲೆ. ಚೆಸ್ಟ್‌ನಟ್ ಮರದ ಒಣ ಎಲೆ, ಅದೂ ಅರ್ಧ.

ಶನಿವಾರ ಬೆಳಿಗ್ಗೆ ಯೋಖೆನ್ ಕಣ್ಣುಜ್ಜುತ್ತ ಬಾಗಿಲು ತೆರೆದಾಗ ಮೇಲ್ಮಹಡಿಯಲ್ಲಿ ಅವನ ಎದುರುಬಾಗಿಲಿನ ಶ್ವೆಂಕ್ ಅಮ್ಮ ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ಸತ್ತ ಗುಬ್ಬಚ್ಚಿಯನ್ನು ತೋರಿಸುವವರಂತೆ ನಿಂತಿದ್ದರು.

“ಮೆಟ್ಟಿಲ ಮೂಲೇಲಿತ್ತು.”

“ಗಾಳಿಗೆ ಬಂದಿರ್ಬೇಕು, ಶ್ವೆಂಕ್ ಅಮ್ಮ.”

“ಗಾಳಿಗೂ ನಿನ್ನ ಗುಡಿಸೋ ವಾರ ಯಾವುದು ಅಂತ ಗೊತ್ತು ನೋಡು. ನನ್ನ ವಾರದಲ್ಲಿ ಒಂದ್ಸಲಾನೂ ಬಂದಿಲ್ಲ.”

ಯೋಖೆನ್‌ಗೆ ಮೈಯೆಲ್ಲ ಉರಿಯಿತು. ನವೆಂಬರ್ ತಿಂಗಳು, ಸ್ಟುಟ್‌ಗಾರ್ಟಿನ ಕಾರುಗಳಿಗೆಲ್ಲ ಚಳಿಗಾಲದ ಟೈರು ತೊಡಿಸಿ ತೊಡಿಸಿ ಅವನ ಬೆನ್ನು ಬಿಲ್ಲಾಗಿತ್ತು. ಆ ಬೆನ್ನು ಬಗ್ಗಿಸಿಯೇ ನಿನ್ನೆ ಮೆಟ್ಟಿಲು ಗುಡಿಸಿ, ಒರೆಸಿ, ಕಸದ ಡಬ್ಬಿಯ ಮುಚ್ಚಳವನ್ನೂ ತೊಳೆದಿದ್ದ. ಕಸದ ಡಬ್ಬಿಯ ಮುಚ್ಚಳ! ಒಳಗೆ ಕೊಳೆತ ಆಲೂಗಡ್ಡೆ ಇರಬಹುದು, ಮುಚ್ಚಳ ಮಾತ್ರ ಹೊಳೆಯಬೇಕು. ಇಷ್ಟಾದ ಮೇಲೂ ಈ ಹೆಂಗಸು ಕೈಕಂಬಿಯ ಮೇಲೆ ಬೆರಳು ಎಳೆದು ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.

ಮನೆಗೊಂದರಂತೆ ಸರದಿಯಲ್ಲಿ ಬರುವ ಗುಡಿಸುವ ಮಾಮೂಲಿ ವಾರಗಳು ಹೇಗೋ ಕಳೆಯುತ್ತವೆ. ಚಳಿಗಾಲದ ಗುಡಿಸಾಟ ಬೇರೆಯೇ ನರಕ. ಊರು ಏಳುವ ಮುಂಚೆ ಎದ್ದು ಹಾದಿಯ ಹಿಮ ಕೆರೆಯಬೇಕು, ಜಲ್ಲಿಪುಡಿ ಎರಚಬೇಕು, ಯಾರಾದರೂ ಜಾರಿ ಬಿದ್ದರೆ ಬೈಸಿಕೊಳ್ಳಬೇಕು. ಆ ಕೆಲಸ ಯಾರ ತಲೆಗೆ ಎಂಬುದು ಇವತ್ತು ಸಂಜೆ ಕಟ್ಟಡದ ನಾಲ್ಕೂ ಮನೆಯವರು ಆಡುವ ಇಸ್ಪೀಟಿನಂಥ ಆಟದಲ್ಲಿ ತೀರ್ಮಾನವಾಗುತ್ತಿತ್ತು. ಕೊನೆಗೆ ಬಂದವರಿಗೆ ಇಡೀ ಚಳಿಗಾಲ. ಪ್ರತಿ ವರ್ಷ ಕೊನೆಗೆ ಬರುತ್ತಿದ್ದವನು ಯೋಖೆನ್.

“ಸಂಜೆ ಆಟದ ಬಗ್ಗೆ ಒಂದು ಮಾತು,” ಎಂದರು ಶ್ವೆಂಕ್ ಅಮ್ಮ. “ಪೊರಕೆಯವಳ ಎಲೆ ಸಿಕ್ಕಿದ್ರೆ ನನ್ನ ಮೇಲೆ ಬಿಡ್ಬೇಡ. ಕ್ನಾಪ್ ಮೇಲೆ ಬಿಡು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಸೋಮವಾರ ನಾನು...”

ಯೋಖೆನ್ ಬಾಗಿಲನ್ನು ರಪ್ಪೆಂದು ಹಾಕಿಕೊಂಡ. ನನ್ನ ಒಳ್ಳೇದಕ್ಕಂತೆ!

ಆಟ ಕೋಟೆ ಕಟ್ಟುವುದು. ಎಲ್ಲರೂ ಒಂದೇ ಥರದ ದರಿದ್ರ ಎಲೆಗಳಿಂದ ಶುರು ಮಾಡುತ್ತಾರೆ. ಸರದಿ ಬಂದಾಗ ಮೇಜಿನ ನಡುವೆ ಹರಡಿದ ಸಂತೆಯಿಂದ ಒಳ್ಳೆಯ ಎಲೆ ಕೊಂಡು ತಮ್ಮ ಕಟ್ಟಿಗೆ ಸೇರಿಸುತ್ತ ಹೋಗುತ್ತಾರೆ. ಕಟ್ಟು ಮುಗಿದರೆ ಕಲೆಸಿ ಮತ್ತೆ ಅದನ್ನೇ ಆಡಬೇಕು. ಹಾಗಾಗಿ ಕಟ್ಟಿನಲ್ಲಿರುವ, ಯಾವುದಕ್ಕೂ ಬಾರದ ಹರಕು ಬೂಟಿನ ಎಲೆಗಳು, ಬೇಡವೆಂದರೂ, ಸಾಲ ಕೇಳುವ ನೆಂಟರ ಹಾಗೆ ಮತ್ತೆ ಮತ್ತೆ ಕೈಗೆ ಬರುತ್ತವೆ. ಅವನ್ನು ತೊಲಗಿಸುವವಳು ಒಬ್ಬಳೇ: ಪೊರಕೆಯವಳು. ಅವಳು ಕೈಗೆ ಬಂದಾಗಲೆಲ್ಲ ನಿಮ್ಮದೊಂದು ಎಲೆ ಎತ್ತಿ ನಿಮಗೆ ಬೇಕಾದವರ ಕಟ್ಟಿಗೆ ತುರುಕಬಹುದು.

ಯೋಖೆನ್ ಬ್ರೆಡ್ಡು ತರಲು ಇಳಿದರೆ ಕೆಳಮಹಡಿಯ ಕ್ನಾಪ್ ಹಿಡಿದರು. ನಿವೃತ್ತ ಟ್ರಾಮ್ ಚಾಲಕ; ಎದುರಿಗೆ ಯಾರು ಬಂದರೂ ಗಂಟೆ ಬಾರಿಸಿ ನಿಲ್ಲಿಸುವ ಅಭ್ಯಾಸ ಹೋಗಿರಲಿಲ್ಲ.

“ನೀನ್ಯಾಕೆ ಪ್ರತಿ ಸಲ ಸೋಲ್ತೀಯ ಹೇಳ್ಲಾ? ಸಿಟ್ಟಲ್ಲಿ ಎಲ್ಲರಿಗೂ ಒಂದೊಂದು ಬೂಟು ಹಂಚ್ತೀಯ. ಒಂದೊಂದು ಬೂಟಿಗೆ ಯಾರೂ ಸಾಯಲ್ಲ ಮಾರಾಯ. ಪೊರಕೆಯವಳನ್ನ ಮೊದಲೇ ಕೊಂಡುಕೋ. ಒಬ್ಬರನ್ನ ಆರಿಸ್ಕೋ. ಎಲ್ಲಾನೂ ಅವರ ಮೇಲೇ ಸುರಿ. ಕೈ ತುಂಬ ಬೂಟಿದ್ರೆ ಏನು ಕೊಳ್ಳೋಕಾಗತ್ತೆ?”

“ಯಾರ ಮೇಲೆ?”

“ಬೆಳಿಗ್ಗೆ ನಿನ್ನ ಬಾಗಿಲು ಯಾರು ಬಡಿದ್ರು?” ಎಂದು ಕಣ್ಣು ಹೊಡೆದರು ಕ್ನಾಪ್.

ಪಕ್ಕದ ಬಾಗಿಲಿನಿಂದ ನುರ್ಗುಲ್ ತಲೆ ಹಾಕಿದಳು. ರಾತ್ರಿಪಾಳಿ ಮುಗಿಸಿ ಬಂದ ದಾದಿ. ಕೈಯಲ್ಲಿ ಚಹಾ ಲೋಟ. “ಕ್ನಾಪ್ ಹೇಳೋದು ಸರಿ ಕಣೋ. ಅಷ್ಟೇ ಅಲ್ಲ, ನಿನ್ನ ಬೂಟೆಲ್ಲ ಖಾಲಿ ಆದ ಮೇಲೆ ಅವಳನ್ನ ಇಟ್ಕೋಬೇಡ. ಕೊಡೋಕೆ ಕಸ ಇಲ್ದಿದ್ರೆ ಒಳ್ಳೇ ಎಲೇನೇ ಎತ್ತಿ ಕೊಟ್ಬಿಡ್ತಾಳೆ. ಕೊನೇಲಿ ಅವಳನ್ನೇ ದಾಟಿಸಿಬಿಡು.”

“ನೀವಿಬ್ರೂ ಯಾಕಕ್ಕ ಇವತ್ತು ನನ್ನ ಕಡೆ?”

“ವಸಂತದಲ್ಲಿ ಈ ಕ್ನಾಪ್ ಸೊಂಟ ಹಿಡ್ಕೊಂಡು ಮಲಗಿದ್ರಲ್ಲ, ಇವರ ವಾರಗಳನ್ನೆಲ್ಲ ಗುಡಿಸಿದ್ದು ನಾನು. ಒಂದೇ ಮಹಡಿ ಅನ್ನೋ ತಪ್ಪಿಗೆ. ಈ ಮನೇಲಿ ಗುಡಿಸೋರ ಸಂಕಟ ನನಗೆ ಗೊತ್ತು,” ಎಂದು ನುರ್ಗುಲ್ ಬಾಗಿಲು ಹಾಕಿಕೊಂಡಳು.

ಸಂಜೆ ಶ್ವೆಂಕ್ ಅಮ್ಮನ ಅಡುಗೆಮನೆಯಲ್ಲಿ ಮೇಜು ಸಿದ್ಧವಾಗಿತ್ತು. ಈರುಳ್ಳಿ ಹೂರಣದ ಬಿಸಿ ರೊಟ್ಟಿ, ಹೊಸ ವೈನು. ಯೋಖೆನ್ ಎರಡನ್ನೂ ಮುಟ್ಟಲಿಲ್ಲ. ಶತ್ರುವಿನ ರೊಟ್ಟಿ.

ಎರಡನೇ ಸುತ್ತಿಗೇ ಪೊರಕೆಯವಳನ್ನು ಕೊಂಡ. ಮೊದಲ ಬೂಟು ಶ್ವೆಂಕ್ ಅಮ್ಮನಿಗೆ. ಎರಡನೆಯದೂ ಅವರಿಗೇ.

“ಯೋಖೆನ್, ಬೆಳಿಗ್ಗೆ ಹೇಳೋಕೆ ಬಂದೆ ನಾನು...”

“ಆಟದ ಮಧ್ಯೆ ಮಾತಿಲ್ಲ,” ಎಂದರು ಕ್ನಾಪ್. “ನಿಯಮ ಮಾಡಿದ್ದು ನೀವೇ.”

“ಹೌದು, ನಾನೇ,” ಎಂದು ಆಕೆ ಬೂಟನ್ನು ಕಟ್ಟಿಗೆ ಸೇರಿಸಿಕೊಂಡರು.

ಮೂರನೇ ಬೂಟು ಬೆಳಗಿನ ಒಣ ಎಲೆಗೆ. ನಾಲ್ಕನೆಯದು ಕೈಕಂಬಿಯ ಬೆರಳಿಗೆ. ಐದನೆಯದನ್ನು ಕಸದ ಮುಚ್ಚಳದ ಲೆಕ್ಕಕ್ಕೆ ಹಾಕಿದ. ಯೋಖೆನ್ ಎಲೆಯನ್ನು ಮೇಜಿಗೆ ಕುಟ್ಟುವ ರಭಸಕ್ಕೆ ಲೋಟಗಳು ಕುಣಿಯುತ್ತಿದ್ದವು. ಅವನ ಕಟ್ಟು ತೆಳ್ಳಗಾಯಿತು; ಪ್ರತಿ ಸರದಿಗೂ ಗೋಪುರ, ಹೆಬ್ಬಾಗಿಲು, ಕಂದಕ. ಶ್ವೆಂಕ್ ಅಮ್ಮನ ಕೈಯಲ್ಲಿ ಮಾತ್ರ ಚಮ್ಮಾರನ ಅಂಗಡಿ ತೆರೆದ ಹಾಗೆ ಬೂಟೋ ಬೂಟು. ಕೊನೆಯ ಬೂಟೂ ಮುಗಿದ ಮೇಲೆ, ನುರ್ಗುಲ್ ಹೇಳಿಕೊಟ್ಟಂತೆ, ಪೊರಕೆಯವಳನ್ನೇ ಎತ್ತಿ ಆಕೆಯ ಕಟ್ಟಿಗೆ ಬಿಸಾಡಿದ.

“ಇವಳೂ ನಿಮಗೇ ಇರ್ಲಿ. ನಿಮ್ಮ ಜಾತಿಯೋಳು.”

ಆಟ ಮುಗಿಯಿತು. ಯೋಖೆನ್ ಮೊದಲ ಸ್ಥಾನ. ಜೀವಮಾನದಲ್ಲಿ ಮೊದಲ ಸಲ. ಶ್ವೆಂಕ್ ಅಮ್ಮನಿಗೆ ಒಂದು ಗೋಡೆಯನ್ನೂ ಎಬ್ಬಿಸಲಾಗಿರಲಿಲ್ಲ. ಯೋಖೆನ್ ಎದ್ದು ನಿಂತು, ಆಟದುದ್ದಕ್ಕೂ ಹಸಿದಿದ್ದ ಹೊಟ್ಟೆಗೆ ಶತ್ರುವಿನ ರೊಟ್ಟಿಯನ್ನು ಇಡಿಯಾಗಿ ತುರುಕಿದ.

“ಚಳಿಗಾಲ ನಿಮ್ಮದು, ಶ್ವೆಂಕ್ ಅಮ್ಮ. ಮೂಲೆ ಮರೀಬೇಡಿ. ನಾನೂ ಬೆರಳಿಟ್ಟು ನೋಡ್ತೀನಿ.”

“ನನ್ನದೇ,” ಎಂದರು ಆಕೆ, ಎಲೆಗಳನ್ನು ಅಂಚು ಸರಿಮಾಡಿ ಜೋಡಿಸುತ್ತ. “ಈಗ ಮಾತಾಡಬಹುದಾ, ಕ್ನಾಪ್? ಸೋಮವಾರ ನನಗೆ ಸೊಂಟದ ಕೀಲು ಬದಲಾಯಿಸ್ತಾರೆ. ಆಮೇಲೆ ಆರೈಕೆ ಮನೆ, ಕೋಲು ಹಿಡಿದು ನಡೆಯೋದು. ವಸಂತದವರೆಗೆ ಪೊರಕೆ ಮುಟ್ಟೋ ಹಾಗಿಲ್ಲ.”

ಯೋಖೆನ್ ಕ್ನಾಪ್ ಕಡೆ ತಿರುಗಿದ.

“ಹಾಗಾದ್ರೆ... ಕ್ನಾಪ್...”

“ನಮ್ಮದು ಕೆಳಮಹಡಿ. ಮೇಲಿನೋರ ಪಾಲು ಮೇಲಿನೋರಿಗೇ,” ಎಂದರು ಕ್ನಾಪ್, ಚಾವಣಿ ನೋಡುತ್ತ.

“ನಿಂಗೆ ಗೊತ್ತಿತ್ತಾ ನುರ್ಗುಲ್ ಅಕ್ಕ?”

“ಇಡೀ ಬೀದಿಗೇ ಗೊತ್ತು ಕಣೋ. ಬೇಕರಿಯೋನಿಗೂ ಹೇಳಿದಾರೆ. ನೀನೊಬ್ನೇ ಇವರನ್ನ ಕಂಡ್ರೆ ಬಾಗಿಲು ಹಾಕ್ಕೊಳ್ಳೋದು.”

ಯೋಖೆನ್ ಬಾಯಿ ತೆರೆದ. ಬೈಯಬೇಕಾದ ಮಾತುಗಳೆಲ್ಲ ಒಟ್ಟಿಗೆ ನುಗ್ಗಿ, ಸಂಜೆಯ ಟ್ರಾಮಿನ ಬಾಗಿಲಲ್ಲಿ ಜನ ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡವು.

ಶ್ವೆಂಕ್ ಅಮ್ಮ ಮೇಜು ಹಿಡಿದು ಮೆಲ್ಲಗೆ ಎದ್ದರು. ಬಾಗಿಲ ಹಿಂದಿನಿಂದ ತಮ್ಮ ಪೊರಕೆ ತೆಗೆದು, ಅದರ ಕಡ್ಡಿಗಳ ನಡುವೆ ಪೊರಕೆಯವಳ ಎಲೆಯನ್ನು ಸಿಕ್ಕಿಸಿ ಅವನ ಕೈಗಿಟ್ಟರು.

“ಇವಳನ್ನ ನೀನೇ ತಾನೇ ನನಗೆ ಕೊಟ್ಟಿದ್ದು? ನನ್ನ ಸರದಿ ಬರೋ ಮುಂಚೆ ಆಟ ಮುಗೀತು. ಈಗ ಆಡ್ತಿದೀನಿ ಅಂದ್ಕೋ.” ಬಾಗಿಲವರೆಗೆ ಕುಂಟುತ್ತ ಬಂದು ಸೇರಿಸಿದರು: “ನಾನಿಲ್ದಾಗ ಬೆಕ್ಕು ನೋಡ್ಕೊಳ್ಳೋಕೆ ನನ್ನ ಅಕ್ಕ ಬಂದಿರ್ತಾಳೆ. ಅವಳು ನನ್ನಷ್ಟು ಮೆತ್ತಗಿಲ್ಲಪ್ಪ, ಹುಷಾರು.”

ಕಿಟಕಿಯ ಹೊರಗೆ ಆ ವರ್ಷದ ಮೊದಲ ಹಿಮ ಶುರುವಾಗಿತ್ತು.