ಸಂಕದ ಮೇಲೆ ಕುದಿದ ಮೀನು ಸಾರು

“ಈ ಆದಿತ್ಯವಾರ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಾನು ಈ ಮನೆಯ ಹೆಂಗಸಲ್ಲ!”

ದೇರೆಬೈಲಿನ ಮನೆಯ ಹಾಲ್‌ನಲ್ಲಿ ನಿಂತು ಹರಿಣಾಕ್ಷಿ ಹೀಗೆ ಘೋಷಿಸಿದಾಗ ಗಂಡ ಲೋಕಯ್ಯ ಪೇಪರಿನಿಂದ ತಲೆ ಎತ್ತಿದರು. ಮಗ ದೀಪೇಶ್ ಮೊಬೈಲಿನಿಂದ ತಲೆ ಎತ್ತಲಿಲ್ಲ; ಕಿವಿ ಮಾತ್ರ ಎತ್ತಿದ.

“ಮತ್ತೆ ಎಂತ ನೀನು?” ಎಂದರು ಲೋಕಯ್ಯ.

“ಬಸ್ಸಿನ ಪ್ರಯಾಣಿಕಳು!”

ಐವತ್ತಮೂರನೆಯ ವಯಸ್ಸಿಗೆ ಕೆಲವರಿಗೆ ಕಾಶಿ ನೋಡುವ ಆಸೆ ಹುಟ್ಟುತ್ತದೆ, ಕೆಲವರಿಗೆ ದುಬೈ. ಹರಿಣಾಕ್ಷಿಯ ಆಸೆ ತೀರಾ ಚಿಕ್ಕದು. ಅದರ ಉದ್ದ ಸುಮಾರು ಒಂದೂವರೆ ನಿಮಿಷ. ಕಾಲೇಜಿಗೆ ಹೋಗುವಾಗ ಅವಳು ಉಳ್ಳಾಲದ ತವರಿನಿಂದ ದಿನವೂ ಬಸ್ಸು ಹತ್ತುತ್ತಿದ್ದಳು. ಕಿಟಕಿಯ ಸೀಟು. ಬಸ್ಸು ನೇತ್ರಾವತಿ ನದಿಯ ಸಂಕ, ಅಂದರೆ ಸೇತುವೆ, ಏರಿದ್ದೇ ಉಪ್ಪು ಗಾಳಿ ಒಳನುಗ್ಗಿ, ಎಣ್ಣೆ ಹಚ್ಚಿ ಬಿಗಿದ ಜಡೆಯನ್ನೆಲ್ಲ ಕೆದರಿಬಿಡುತ್ತಿತ್ತು. ಕೆಳಗೆ ಹೊಳೆಯುವ ನೀರು, ಮರಳಿನ ದೋಣಿಗಳು. ಆ ಒಂದೂವರೆ ನಿಮಿಷದಲ್ಲಿ ಅವಳಿಗೆ ಯಾರೂ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ. ಮದುವೆಯಾದ ಮೇಲೂ ಆ ಸಂಕವನ್ನು ನೂರು ಸಲ ದಾಟಿದ್ದಾಳೆ. ಆದರೆ ಮಡಿಲಲ್ಲಿ ವಾಂತಿ ಮಾಡುವ ಮಗು, ಕಾಲ ಬುಡದಲ್ಲಿ ಹಲಸಿನಹಣ್ಣು, ತಲೆಯೊಳಗೆ ನಾಳೆಯ ತಿಂಡಿ. ಇಷ್ಟರ ನಡುವೆ ನದಿ ಕಂಡದ್ದೇ ಇಲ್ಲ!

“ಮೀನು?” ಎಂದು ಲೋಕಯ್ಯ ಎರಡಕ್ಷರದಲ್ಲಿ ತಮ್ಮ ಇಡೀ ಚಿಂತೆಯನ್ನು ಮಂಡಿಸಿದರು.

“ಉರ್ವ ಮಾರ್ಕೆಟಿನಿಂದ ಬಂಗುಡೆ ತರುವುದು ನೀವಲ್ಲವಾ? ಸಾರೂ ನೀವೇ ಮಾಡಿ.”

“ಅದೆಂತ ದೊಡ್ಡ ವಿಷಯ! ಬಹರೇನಿನಲ್ಲಿ ಇಪ್ಪತ್ತೆರಡು ವರ್ಷ ನನಗೆ ಬೇಯಿಸಿ ಹಾಕಿದ್ದು ನೀನಾ?”

ಸವಾಲು ಸ್ವೀಕಾರವಾಯಿತು. ನಾಲ್ಕು ಗಂಟೆಯ ಈ ಸ್ವಾತಂತ್ರ್ಯಕ್ಕಾಗಿ ಹರಿಣಾಕ್ಷಿ ಆದಿತ್ಯವಾರ ಬೆಳಗ್ಗೆ ಐದಕ್ಕೇ ಎದ್ದಳು. ದೋಸೆ ಹೊಯ್ದಳು, ಬಟ್ಟೆ ಒಗೆದಳು, ಕುಚ್ಚಲಕ್ಕಿ ಅನ್ನ ಬಸಿದಳು, ಗಂಡ ತಂದ ಬಂಗುಡೆಯನ್ನು ಕೊಯ್ದು ತೊಳೆದಳು, ತೆಂಗಿನಕಾಯಿ ತುರಿದಿಟ್ಟಳು. ಉಳಿದದ್ದು ಅರೆಯುವುದು, ಕುದಿಸುವುದು. ಹೊರಗೆ ಕಾಲಿಡುವಾಗ ಯುದ್ಧಕ್ಕೆ ಹೊರಟ ರಾಣಿಯ ಗತ್ತು ಅವಳಲ್ಲಿತ್ತು. ಯುದ್ಧ ಮುಗಿಸಿದವಳ ಸೊಂಟನೋವೂ!

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಳ್ಳಾಲದ ಬಸ್ಸು ಸಿಕ್ಕಿತು. ಕಿಟಕಿಯ ಸೀಟೂ ಸಿಕ್ಕಿತು. ಕಂಡಕ್ಟರ್ ರೋಷನ್ “ಪಿರ ಪೋಲೆ, ಪಿರ ಪೋಲೆ” ಎಂದು ಜನರನ್ನು ಹಿಂದಕ್ಕೆ ಸರಿಸುತ್ತಾ ಬಂದ.

“ಉಳ್ಳಾಲಕ್ಕೆ ಒಂದು,” ಎಂದಳು ಹರಿಣಾಕ್ಷಿ. ಆಮೇಲೆ, ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ ಎಂಬಂತೆ, “ಅಲ್ಲಿ ಕೆಲಸ ಎಂತ ಇಲ್ಲ. ಸಂಕ ನೋಡ್ಲಿಕ್ಕೆ ಹೋಗುವುದು. ಇದೇ ಬಸ್ಸಿನಲ್ಲಿ ವಾಪಸ್ ಬರ್ತೇನೆ” ಎಂದಳು.

“ಸಂಕವಾ? ನಾನು ದಿನಕ್ಕೆ ಹನ್ನೆರಡು ಸಲ ದಾಟ್ತೇನೆ ಅಕ್ಕ. ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು?” ಎಂದು ರೋಷನ್ ನಕ್ಕ.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮಾತ್ರ ನಗಲಿಲ್ಲ. “ನೋಡಿ, ನೋಡಿ. ನಾನು ಝೈನಬ್. ತೊಕ್ಕೊಟ್ಟಿನಲ್ಲಿ ಇಳಿಯುವವಳು. ನನಗೂ ಒಂದು ದಿನ ಹೀಗೆ ಹೊರಡಬೇಕು ಅಂತ ಉಂಟು,” ಎಂದಳು.

ಬಸ್ಸು ಜ್ಯೋತಿ ಸ್ಟಾಪ್ ದಾಟುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಹರಿಣೀ, ಮೆಣಸು ಎಲ್ಲಿ ಉಂಟು?”

“ಸ್ಟೀಲಿನ ಡಬ್ಬದಲ್ಲಿ.”

“ಇಲ್ಲಿ ಸ್ಟೀಲಿನ ಡಬ್ಬ ಹನ್ನೊಂದು ಉಂಟು ಮಾರಾಯ್ತಿ!”

“ಎಲ್ಲದರ ಮುಚ್ಚಳ ತೆಗೆದು ನೋಡಿ.”

“ಎಲ್ಲದರದ್ದಾ?”

“ಬಹರೇನಿನಲ್ಲಿ ಡಬ್ಬಕ್ಕೆ ಮುಚ್ಚಳ ಇರಲಿಲ್ಲವಾ? ಹೇಗೆ ಅಡುಗೆ ಮಾಡ್ತಿದ್ರಿ?”

ಲೋಕಯ್ಯ ಧ್ವನಿ ತಗ್ಗಿಸಿದರು. “ಮಾಡ್ತಿದ್ದದ್ದು ನಮ್ಮ ರೂಮಿನ ಬದ್ರುದ್ದೀನ್. ನಾನು ಉಪ್ಪು ನೋಡಿ ಹೇಳ್ತಿದ್ದೆ.”

ಇಪ್ಪತ್ತೆರಡು ವರ್ಷದ ಪಾಕಪ್ರಾವೀಣ್ಯ ಕಂಕನಾಡಿಯ ಸಿಗ್ನಲ್‌ನಲ್ಲಿ ಬಯಲಾಯಿತು! ಹರಿಣಾಕ್ಷಿ ಬಾಯಿ ತೆರೆಯುವ ಮೊದಲೇ ದೀಪೇಶ್ ವಿಡಿಯೋ ಕಾಲ್ ಮಾಡಿದ. ಪರದೆಯ ಮೇಲೆ ಹನ್ನೊಂದು ಡಬ್ಬಗಳು, ಅವುಗಳ ಹಿಂದೆ ಬನಿಯನ್ ತೊಟ್ಟ ಲೋಕಯ್ಯ. ಬಸ್ಸಿನ ಗದ್ದಲದಲ್ಲಿ ಕೇಳಿಸುವುದಕ್ಕೆಂದು ಅವಳು ಸ್ಪೀಕರ್ ಹಾಕಿ ಕೂಗಿದಳು, “ಹದಿನೈದು ಮೆಣಸು ಹುರಿಯಿರಿ!”

“ಹದಿನೈದಾ?” ಝೈನಬ್ ಬಗ್ಗಿದಳು. “ಗಿಡ್ಡ ಮೆಣಸಾದರೆ ಹೊಟ್ಟೆ ಉರೀತದೆ. ಅವರದ್ದು ಯಾವ ಮೆಣಸು ಕೇಳಿ.”

“ಕೆಂಪು ಮೆಣಸು!” ಎಂದರು ಲೋಕಯ್ಯ ಆತ್ಮವಿಶ್ವಾಸದಿಂದ.

ಹೆಂಗಸರ ಸೀಟುಗಳಲ್ಲಿ ನಗು ಸಿಡಿಯಿತು. ಹಿರಿಯ ನಾಗರಿಕರ ಸೀಟಿನಿಂದ ಒಬ್ಬ ಅಜ್ಜ ಎದ್ದು ನಿಂತರು. “ನಾನು ರುಡೊಲ್ಫ್. ಮೂವತ್ತು ವರ್ಷ ಹಡಗಿನಲ್ಲಿ ಕುಕ್ ಆಗಿದ್ದವ. ಒಂದು ಚಮಚ ವಿನೆಗರ್ ಹಾಕ್ಲಿಕ್ಕೆ ಹೇಳಿ ತಂಗಿ.”

“ಬಂಗುಡೆಗೆ ವಿನೆಗರಾ? ಹುಣಸೆಹುಳಿ ಹಾಕಬೇಕು!” ಎಂದಳು ಝೈನಬ್. “ಅಲ್ಲ, ಮನೆಯಲ್ಲಿಯೂ ನೀವೇ ಅಡುಗೆ ಮಾಡುವುದಾ?”

“ಮನೆಯಲ್ಲಿ ಯಾಕೆ? ಅಲ್ಲಿ ಹೆಂಡತಿ ಇದ್ದಾಳಲ್ಲ,” ಎಂದರು ರುಡೊಲ್ಫ್, ಇದೆಂತಹ ಪ್ರಶ್ನೆ ಎಂಬಂತೆ.

“ಓಮ, ಓಮ! ಓಮ ಇಲ್ಲದೆ ಮೀನು ಸಾರಾ?” ರೋಷನ್ ಟಿಕೆಟ್ ಕೊಡುವುದನ್ನು ಬಿಟ್ಟು ಬಂದ. ಡ್ರೈವರ್ ಕನ್ನಡಿಯಲ್ಲೇ ನೋಡುತ್ತಾ ಕೂಗಿದ, “ಶುಂಠಿ ಮರೀಬೇಡಿ ಅಕ್ಕ!” ಪಂಪ್‌ವೆಲ್‌ನಲ್ಲಿ ಹತ್ತಿದವರಿಗೆ ಹತ್ತುವಾಗಲೇ ಕಥೆಯ ಹಿಂದಿನ ಭಾಗ ಹೇಳಿ ಒಳಗೆ ಸೇರಿಸಿಕೊಳ್ಳಲಾಯಿತು. ಓಮದ ಪಕ್ಷ, ಶುಂಠಿಯ ಪಕ್ಷ ಎಂದು ಬಸ್ಸು ಎರಡಾಯಿತು. ಜೆಪ್ಪಿನಮೊಗರಿನಲ್ಲಿ ಇಳಿಯಬೇಕಾಗಿದ್ದ ಇಬ್ಬರು, ಸಾರು ಎಲ್ಲಿ ಮುಟ್ಟುತ್ತದೆ ನೋಡಿಯೇ ಇಳಿಯುವುದೆಂದು ಕುಳಿತೇ ಇದ್ದರು.

“ಈಗ ಮಿಕ್ಸಿ ಹಾಕ್ತೇನೆ!” ಲೋಕಯ್ಯ ಪ್ರಕಟಿಸಿದರು.

“ಮುಚ್ಚಳ ಒತ್ತಿ ಹಿಡಿಯಿರಿ!” ಹರಿಣಾಕ್ಷಿ ಕಿರುಚಿದಳು.

“ಎಂತ? ಕೇಳ್ತಾ ಇಲ್ಲ, ಮಿಕ್ಸಿ ಶಬ್ದ…”

ಠಪ್! ಪರದೆ ಪೂರ್ತಿ ಕೆಂಪಾಯಿತು. ಇಡೀ ಬಸ್ಸು ಉಸಿರು ಬಿಗಿಹಿಡಿಯಿತು. ಕೆಂಪಿನ ಒಳಗಿನಿಂದ ದೀಪೇಶನ ಧ್ವನಿ ಬಂತು. “ಅಮ್ಮಾ, ಅಪ್ಪನಿಗೆ ಏನೂ ಆಗಲಿಲ್ಲ. ಮಸಾಲೆ ಗೋಡೆಯಲ್ಲಿ ಉಂಟು. ಸ್ವಲ್ಪ ಅಪ್ಪನ ತಲೆಯಲ್ಲಿ ಉಂಟು.”

“ಉಳಿದದ್ದು ಸಾಕಾಗ್ತದೆ, ನೀರು ಹಾಕಿ ಕುದಿಸ್ಲಿಕ್ಕೆ ಹೇಳಿ,” ಎಂದು ಝೈನಬ್ ತೀರ್ಪು ಕೊಟ್ಟಳು. “ಕುದಿ ಬಂದ ಮೇಲೆ ಮೀನು. ಆಮೇಲೆ ಸೌಟು ಹಾಕಿ ತಿರುಗಿಸ್ಬಾರದು!” ಹರಿಣಾಕ್ಷಿ ಪ್ರತಿ ಮಾತನ್ನೂ ದೇರೆಬೈಲಿಗೆ ಮುಟ್ಟಿಸಿದಳು. ಕೊನೆಗೆ ಮೀನು ಪಾತ್ರೆಗೆ ಬಿತ್ತು. ಬಸ್ಸಿನಲ್ಲಿ ಚಪ್ಪಾಳೆ!

“ಕಲ್ಲಾಪು ಯಾರು ಇಳಿಯುವುದು?” ರೋಷನ್ ಕೂಗಿದ.

ಹರಿಣಾಕ್ಷಿ ಬೆಚ್ಚಿ ಕಿಟಕಿಯ ಹೊರಗೆ ನೋಡಿದಳು. ಕಲ್ಲಾಪು! ಹಾಗಾದರೆ ಸಂಕ? ಸಂಕ ಹಿಂದೆ ಉಳಿದಿತ್ತು. ಜಡೆ ಮಾತ್ರ ಕೆದರಿತ್ತು. ಗಾಳಿ ತನ್ನ ಕೆಲಸ ಮಾಡಿ ಹೋಗಿತ್ತು, ಅವಳಿಗೇ ಗೊತ್ತಾಗಿರಲಿಲ್ಲ.

“ಬೇಜಾರು ಮಾಡ್ಬೇಡಿ,” ಎಂದಳು ಝೈನಬ್ ತೊಕ್ಕೊಟ್ಟಿನಲ್ಲಿ ಇಳಿಯುತ್ತಾ. “ವಾಪಸ್ ಹೋಗುವಾಗ ಉಂಟಲ್ಲ.”

ಉಳ್ಳಾಲದಲ್ಲಿ ಬಸ್ಸು ನಿಂತಷ್ಟು ಹೊತ್ತು ಹರಿಣಾಕ್ಷಿ ಸೀಟು ಬಿಟ್ಟು ಏಳಲಿಲ್ಲ. ಪ್ರತಿಜ್ಞೆ ಮಾಡಿದಳು: ಇನ್ನು ಆಕಾಶವೇ ಬೀಳಲಿ, ಮಿಕ್ಸಿಯೇ ಹಾರಲಿ, ಫೋನ್ ಎತ್ತುವುದಿಲ್ಲ! ಬಸ್ಸು ಹೊರಟಿತು. ತೊಕ್ಕೊಟ್ಟು ಬಂತು. ಫೋನ್ ಬರಲಿಲ್ಲ. ಕಲ್ಲಾಪು ಬಂತು. ಫೋನ್ ಬರಲಿಲ್ಲ.

ಯಾಕೆ ಬರಲಿಲ್ಲ?

ಗ್ಯಾಸ್ ಆಫ್ ಮಾಡಿದ್ದಾರಾ? ಕಣ್ಣಿಗೆ ಮೆಣಸು ಹೋಗಿದೆಯಾ? ಮಗ ಮುಳ್ಳು ನುಂಗಿದನಾ? ಉಪ್ಪು! ಉಪ್ಪು ಹಾಕಲು ಹೇಳಿಯೇ ಇಲ್ಲವಲ್ಲ! ಬೆರಳು ತಾನಾಗಿ ಹೋಗಿ ನಂಬರ್ ಒತ್ತಿತು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಒತ್ತಿದಳು. ಮತ್ತೆ. ನಾಲ್ಕನೆಯ ಸಲಕ್ಕೆ ಲೋಕಯ್ಯನ ನಿದ್ದೆಗಣ್ಣಿನ ಧ್ವನಿ ಕೇಳಿತು.

“ಎಂತ ಮಾರಾಯ್ತಿ, ಬೇಗನೇ ಊಟ ಮುಗಿಸಿ ಮಲಗಿದ್ದೇವೆ. ಸಾರು ಭಾರೀ ಲಾಯ್ಕ್ ಆಗಿತ್ತು, ಉಪ್ಪು ನಾನೇ ನೋಡಿದ್ದು. ನೀನು ಅರ್ಜೆಂಟ್ ಮಾಡ್ಬೇಡ, ಆರಾಮದಲ್ಲಿ ಬಾ. ಪಾತ್ರೆ ಎಲ್ಲ ಸಿಂಕಿನಲ್ಲಿ ನೆನೆಸಿ ಇಟ್ಟಿದ್ದೇನೆ, ಉಜ್ಜುವಾಗ ನಿನಗೆ ಸುಲಭ ಆಗ್ತದೆ. ಗೋಡೆಯನ್ನು ಮಾತ್ರ ನೆನೆಸ್ಲಿಕ್ಕೆ ಆಗಲಿಲ್ಲ.”

ಅವಳು ಫೋನ್ ಕೆಳಗಿಟ್ಟು ಕಿಟಕಿಯತ್ತ ತಿರುಗುವಷ್ಟರಲ್ಲಿ ರೋಷನ್ ಕೂಗಿದ, “ಜೆಪ್ಪಿನಮೊಗರು!” ಸಂಕ ಈ ಸಲವೂ ಹಿಂದೆ ಉಳಿದಿತ್ತು.

ಸ್ಟೇಟ್‌ಬ್ಯಾಂಕಿನಲ್ಲಿ ಎಲ್ಲರೂ ಇಳಿದರು. ಹರಿಣಾಕ್ಷಿ ಮಾತ್ರ ಕಿಟಕಿಯ ಸರಳು ಹಿಡಿದು ಕುಳಿತೇ ಇದ್ದಳು.

“ಅಕ್ಕ, ಲಾಸ್ಟ್ ಸ್ಟಾಪ್.”

“ಉಳ್ಳಾಲಕ್ಕೆ ಒಂದು.”

ರೋಷನ್ ಕಣ್ಣು ಕಣ್ಣು ಬಿಟ್ಟ. “ಪುನಃ ಸಂಕವಾ? ಹೋಗುವಾಗ ಮನೆಯವರ ಫೋನ್ ಬಂತು, ನಿಮಗೆ ನೋಡ್ಲಿಕ್ಕೆ ಆಗಲಿಲ್ಲ, ಸರಿ. ಬರುವಾಗ ಯಾರೂ ಫೋನ್ ಮಾಡ್ಲಿಲ್ಲವಲ್ಲ?”

ಹೋಗುವಾಗ ಇಡೀ ಬಸ್ಸಿಗೆ ಕೇಳುವಂತೆ ಮೆಣಸಿನ ಲೆಕ್ಕ ಸಾರಿದ ಹರಿಣಾಕ್ಷಿ, ಈಗ ತನ್ನ ಚಪ್ಪಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ಈ ಸಲ… ನಾನೇ ಮಾಡಿದ್ದು.”