ಸಾಲು ಮುಗಿದರೂ ಗಂಟೆ ಹೊಡೆಯದ ಕಂಪ್ಯೂಟರ್ ಅವರಿಗೆ

ಮಾನ್ಯ ಕಂಪ್ಯೂಟರ್ ಅವರೇ,

ನಮ್ಮ ಕಚೇರಿಯ ಕಿಟಕಿ ಪಕ್ಕದ ಮೇಜಿನಿಂದ ನನ್ನ ಟೈಪ್‌ರೈಟರನ್ನು ಕೆಳಗಿಳಿಸಿ ಅಲ್ಲಿ ವಿರಾಜಮಾನರಾಗಿರುವ ತಮಗೆ, ಹಿರಿಯ ಟೈಪಿಸ್ಟ್ ಆದ ನಾನು ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ; ಧೂಳು ತಾಗದಂತೆ ತಮಗೆ ಹೊದಿಕೆಯಿದೆ, ಸೆಕೆಯಾಗದಂತೆ ಫ್ಯಾನ್ ತಮ್ಮ ಕಡೆಗೇ ತಿರುಗಿದೆ. ನನ್ನ ಕ್ಷೇಮ ಸೋಮವಾರ ತಿಳಿಯುತ್ತದೆ.

ಅಂದು ತಮ್ಮ ಮುಂದೆ ಕುಳಿತು ಒಂದು ಪತ್ರ ಟೈಪ್ ಮಾಡಿ ತೋರಿಸಬೇಕೆಂದು ಅಧಿಕಾರಿಗಳ ಆಜ್ಞೆ. ತಪ್ಪಿದರೆ ಕಿಟಕಿ, ಮೇಜು, ತಾವು, ಎಲ್ಲವೂ ಹೊಸದಾಗಿ ಕೆಲಸಕ್ಕೆ ಸೇರಿರುವ ಅವರ ನಾದಿನಿಯ ಪಾಲಿಗೆ. ನಾನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಲಕೋಟೆಗಳಿಗೆ ಗೋಂದು ಹಚ್ಚಬೇಕು. ಗೋಂದಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಆ ಕಿಟಕಿ ಬಿಟ್ಟುಕೊಡುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ತಮ್ಮ ಭಾಷೆ ಕಲಿಯಲಿಲ್ಲವೆಂದು ಮಾತ್ರ ನನ್ನನ್ನು ದೂರಬೇಡಿ. ಸೊಸೆ ಈರುಳ್ಳಿ ಹೆಚ್ಚುತ್ತಲೇ ಎಲ್ಲವನ್ನೂ ಹೇಳಿಕೊಟ್ಟಿದ್ದಾಳೆ. ಕಣ್ಣಿಗೆ ಕಾಣುವುದು ಹಾರ್ಡ್‌ವೇರ್, ಕಾಣದಂತಿದ್ದು ಅದನ್ನು ದುಡಿಸುವುದು ಸಾಫ್ಟ್‌ವೇರ್ ಎಂದಾಗ, ಹೊರಗೆ ಕುರ್ಚಿಯಲ್ಲಿ ಕುಳಿತಿದ್ದ ನಮ್ಮ ಯಜಮಾನರು ಯಾವುದು, ಅಡುಗೆಮನೆಯಲ್ಲಿದ್ದ ನಾವಿಬ್ಬರು ಯಾವುದು ಎಂದು ಥಟ್ಟನೆ ಹೊಳೆಯಿತು. ಪರದೆಯ ಮೇಲೆ ಮಿಟುಕುವ ಗೆರೆ ಕರ್ಸರ್. ಅದಕ್ಕೆ ಅಧಿಕಾರಿಗಳಿಗಿಂತ ಹೆಚ್ಚು ಅವಸರ. ಟೈಪ್ ಮಾಡಿದ್ದನ್ನು ಕಾಪಿಡುವುದು ಸೇವ್. ಹಾಗೆ ಮಾಡಿರೆಂದು ಹೇಳಲು ಮರೆತರೆ ದಿನವಿಡೀ ದುಡಿದದ್ದನ್ನು ನುಂಗಿ ನೀರು ಕುಡಿಯುವ ತಮ್ಮ ವೈರಾಗ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮಾಡಿದ್ದನ್ನು ಮಾಡಿಯೇ ಇಲ್ಲವೆನ್ನಿಸುವುದು ಅನ್‌ಡೂ. ಇದು ಹೊಸ ವಿದ್ಯೆಯೆಂದು ಸೊಸೆ ತಿಳಿದಿದ್ದಾಳೆ, ಆದರೆ ತಾವು ಹುಟ್ಟುವ ಮೊದಲೇ ನಮ್ಮ ಕಚೇರಿಯ ಹಿರಿಯರು ಇದರಲ್ಲಿ ಪಳಗಿದ್ದರು.

ಇಷ್ಟೆಲ್ಲ ಕಲಿತವಳನ್ನು ತಾವು ಕೆಡವಿದ್ದು ಎಂಟರ್ ಕೀಲಿಯಲ್ಲಿ. ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಹೊತ್ತಿಗೆ ಟಿಣ್ ಎಂದು ಗಂಟೆ ಹೊಡೆಯುತ್ತದೆ, ಎಡಗೈಯಿಂದ ಕ್ಯಾರೇಜ್ ತಳ್ಳಿದರೆ ಮುಂದಿನ ಸಾಲು ಬರುತ್ತದೆ. ತಾವು ಅಂಥ ಸೌಜನ್ಯವನ್ನು ಕಲಿತಿಲ್ಲವಾದ್ದರಿಂದ, ಶುಕ್ರವಾರದ ಅಭ್ಯಾಸದಲ್ಲಿ ನಾನು ಕಣ್ಣಳತೆಯಲ್ಲೇ ಪ್ರತಿ ಸಾಲಿನ ಕೊನೆಗೂ, ಕ್ಯಾರೇಜ್ ತಳ್ಳಿದಂತೆ, ಎಂಟರ್ ಒತ್ತಿದೆ. ಪತ್ರ ಬಾಚಿದ ತಲೆಗೂದಲಿನಂತೆ ಒಪ್ಪವಾಗಿತ್ತು. ಅಷ್ಟರಲ್ಲಿ ಅಧಿಕಾರಿಗಳು ಬಂದು, "ಅಕ್ಷರ ಸಣ್ಣದಾಯ್ತಲ್ಲಮ್ಮ" ಎನ್ನುತ್ತಾ ಮೌಸ್ ಹಿಡಿದು ಅಕ್ಷರಗಳನ್ನು ದೊಡ್ಡದು ಮಾಡಿದರು. ಸಾಲುಗಳೆಲ್ಲ ದಿಕ್ಕಾಪಾಲಾದವು: ಒಂದು ಉದ್ದ, ಅದರ ಕೆಳಗೆ ಎರಡೇ ಪದ, ಮತ್ತೆ ಉದ್ದ, ಮತ್ತೆ ಒಂದೇ ಪದ. "ಇದೇನಮ್ಮ, ಪತ್ರಾನೋ ಪದ್ಯಾನೋ" ಎಂದರು ಅವರು, ನಾದಿನಿ ಕಿಸಕ್ಕನೆ ನಕ್ಕಳು. ನನಗೆ ನಿಜಕ್ಕೂ ಅವಮಾನವಾಯಿತು. ಮನೆಯಲ್ಲಿ ಸೊಸೆ, "ಅತ್ತೆ, ಸಾಲು ತುಂಬಿದ್ರೆ ಅದೇ ಕೆಳಗಿಳಿಯುತ್ತೆ, ನೀವ್ಯಾಕೆ ತಳ್ತೀರಾ" ಎಂದಳು. ತಳ್ಳಬಾರದೆಂದು ಈಗ ನನಗೂ ಗೊತ್ತು, ಆದರೆ ಸಾಲು ಮುಗಿದೊಡನೆ ಬೆರಳು ತಾನಾಗಿ ಎಂಟರ್ ಮೇಲೆ ಬೀಳುತ್ತದೆ.

ಆದ್ದರಿಂದ ದಯಾಳುಗಳಾದ ತಾವು ಸೋಮವಾರದೊಳಗೆ ಸಾಲಿನ ಕೊನೆಗೊಂದು ಗಂಟೆ ಕಟ್ಟಿಸಿಕೊಳ್ಳಬೇಕು. ನಾನು ಎಂಟರ್ ಒತ್ತಿದ್ದೆಲ್ಲ ಆ ಗಂಟೆಗೆ ಓಗೊಟ್ಟದ್ದು ಮಾತ್ರ, ಪತ್ರದ ಸಾಲು ಮುರಿಯಲು ಅಲ್ಲ ಎಂದು ತಿಳಿಯಬೇಕು. ಅದಾಗದಿದ್ದರೆ ಎಂಟರ್ ಕೀಲಿಯನ್ನು ಅಂದು ರಜೆಯ ಮೇಲೆ ಕಳುಹಿಸಬೇಕು. ಅದೂ ಆಗದಿದ್ದರೆ, ಅಧಿಕಾರಿಗಳ ಕೈ ಮೌಸ್ ಮುಟ್ಟಿದ ಕ್ಷಣವೇ ತಾವು ಹ್ಯಾಂಗ್ ಆಗಬೇಕು. ಯಾರೂ ಕೇಳದಿದ್ದರೂ ದಿನ ಬಿಟ್ಟು ದಿನ ಆಗುತ್ತೀರಿ, ಬಾಯಿಬಿಟ್ಟು ಕೇಳುತ್ತಿದ್ದೇನೆ, ಒಮ್ಮೆ ಆಗಿ.

ಸೋಮವಾರದವರೆಗಂತೂ ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಟೈಪಿಸ್ಟ್ ಅಕ್ಕ

ತಾ.ಕ.: ಈಗಷ್ಟೇ ಅಧಿಕಾರಿಗಳು ಫೋನ್ ಮಾಡಿದ್ದರು. ಅವರ ಕೋಣೆಯ ಕಂಪ್ಯೂಟರಿನಲ್ಲೂ ಅಕ್ಷರ ದೊಡ್ಡದು ಮಾಡಲು ಹೋಗಿ, ಈಗ ಇಡೀ ಪರದೆಗೆ ನಾಲ್ಕೇ ಅಕ್ಷರ ಹಿಡಿಸುತ್ತಿವೆಯಂತೆ. ನಾದಿನಿಗೂ ದಾರಿ ತೋಚಿಲ್ಲವಂತೆ. "ಇದನ್ನ ಚಿಕ್ಕದು ಮಾಡೋದು ಹೇಗಮ್ಮ" ಎಂದು ಮೆಲ್ಲಗೆ ಕೇಳಿದರು. ಮಂಗಳವಾರ ಹೇಳಿಕೊಡುತ್ತೇನೆ, ಕಿಟಕಿ ಪಕ್ಕದ ಮೇಜಿಗೆ ಬನ್ನಿ ಎಂದಿದ್ದೇನೆ.