ಗಾಜಿನ ಮೇಲಿನ ಕುಂಕುಮ

ಮನೆಯಲ್ಲಿ ಏನಾದರೂ ಕೆಟ್ಟರೆ, ಏಕೆ ಕೆಟ್ಟಿತು ಎನ್ನುವುದಕ್ಕಿಂತ ಯಾರು ಕೆಡಿಸಿದರು ಎಂದು ಮೊದಲು ಹುಡುಕುವುದು ನನ್ನ ಹುಟ್ಟುಗುಣ. ಬಹಳ ದೂರ ಹುಡುಕಬೇಕಾಗಿಲ್ಲ. ಮನೆಯಲ್ಲಿರುವವರು ಇಬ್ಬರೇ, ಅವರಲ್ಲಿ ಒಬ್ಬ ನಾನು. ಹಾಗಾಗಿ ನಮ್ಮ ಇಪ್ಪತ್ತು ವರ್ಷ ಹಳೆಯ ಕಾರಿನ ಬ್ಯಾಟರಿ ಪದೇಪದೇ ಮಲಗತೊಡಗಿದಾಗ, ತಪ್ಪು ನನ್ನ ಹೆಂಡತಿ ಶ್ಯಾಮಲಾಳದೇ ಎಂದು ತೀರ್ಮಾನವಾಗಿಹೋಯಿತು. ನಾನು ಜಯನಗರದಲ್ಲಿ ತರಕಾರಿ ಆರಿಸುವಾಗ ಅವಳು ಕಾರಿನಲ್ಲಿ ಕೂತು ರೇಡಿಯೋ ಕೇಳುತ್ತಾಳಲ್ಲ, ಇನ್ನೇನು ಸಾಕ್ಷಿ ಬೇಕು?

ಹೊಸ ಬ್ಯಾಟರಿ ಹಾಕಿಸಿದೆ. ಹತ್ತೇ ದಿನಕ್ಕೆ ಅದೂ ಬನಶಂಕರಿಯ ಸಿಗ್ನಲ್ಲಿನಲ್ಲಿ ಕೈಕೊಟ್ಟಿತು. ಹಿಂದಿನವರೆಲ್ಲ ಹಾರ್ನ್ ಒತ್ತುತ್ತಿರುವಾಗ, "ಇನ್ನೂ ಕೇಳು ರೇಡಿಯೋನ" ಎಂದುಬಿಟ್ಟೆ. ಅವಳು ಇಳಿದು, ಬಸ್ಸು ಹತ್ತಿ ವಸಂತಪುರದ ನಮ್ಮ ಮನೆಗೆ ಹೋದಳು. ಆಮೇಲೆ ಮೂರು ವಾರ ಕಾರಿನ ಬಾಗಿಲು ಮುಟ್ಟಲಿಲ್ಲ. ಸಂಗೀತದ ಕ್ಲಾಸಿಗೂ ಬಸ್ಸೇ. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಕೂರಿಸಿಕೊಂಡು ಬರುವಾಗ ನನಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಅದಕ್ಕಿಂತ ಹೆಚ್ಚಿನ ಪೇಚಾಟವೆಂದರೆ, ಈಗ ರೇಡಿಯೋ ಹಾಕುವವರೇ ಇರಲಿಲ್ಲ, ಬ್ಯಾಟರಿ ಮಾತ್ರ ಮತ್ತೆ ಮಲಗಿತು.

ಅಕ್ಕಪಕ್ಕದವರಿಂದ ತಳ್ಳಿಸಿ ಸ್ಟಾರ್ಟ್ ಮಾಡಿ, ಕೋಣನಕುಂಟೆಯ ಆಟೋ ಎಲೆಕ್ಟ್ರಿಷಿಯನ್ ಮುನಿರಾಜು ಅವರ ಅಂಗಡಿಗೆ ಹೋದೆ. ಎಂಜಿನ್ ಓಡುತ್ತಿರುವಾಗಲೇ ಅವರು ಬ್ಯಾಟರಿಗೆ ಮೀಟರ್ ಹಿಡಿದರು.

"ಬ್ಯಾಟರಿದೇನೂ ತಪ್ಪಿಲ್ಲ ಸಾರ್. ಡೈನಮೋ ಚಾರ್ಜೇ ಕೊಡ್ತಿಲ್ಲ, ಒಳಗೆ ಕಾರ್ಬನ್ ಬ್ರಷ್ ಸವೆದೋಗಿರ್ಬೇಕು. ರೆಡ್ ಲೈಟ್ ಬಂದಿರ್ಬೇಕಲ್ಲ, ನೋಡ್ಲಿಲ್ವಾ?"

"ಬಂದೇ ಇಲ್ಲ ಮುನಿರಾಜು" ಎಂದೆ, ಗಟ್ಟಿಯಾಗಿ.

ಅವರು ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದರು. ಪ್ರತಿ ಆಯುಧಪೂಜೆಗೂ ಸ್ಪೀಡೋಮೀಟರಿನ ಗಾಜಿನ ಮೂಲೆಗೆ ಕುಂಕುಮ ಇಡುವವನು ನಾನೇ. ಒರೆಸಬಾರದೆಂದು ಹಳೆಯದರ ಮೇಲೇ ಹೊಸದು ಇಟ್ಟು ಇಟ್ಟು, ಅದು ದೋಸೆಯಷ್ಟು ದಪ್ಪವಾಗಿತ್ತು. ಮುನಿರಾಜು ಕೈಮುಗಿದು, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ಅದರ ಹಿಂದೆ ಬ್ಯಾಟರಿ ಚಿತ್ರದ ಕೆಂಪು ದೀಪ ನಿಗಿನಿಗಿ ಉರಿಯುತ್ತಿತ್ತು.

"ಪಾಪ, ಎಷ್ಟ್ ದಿನದಿಂದ ಹೇಳ್ತಾ ಇತ್ತೋ" ಎಂದರು.

ಕಾರ್ಬನ್ ಬದಲಾಯಿಸಿಕೊಂಡು ಮನೆಗೆ ಬಂದು, "ಎಲ್ಲಾ ಡೈನಮೋ ತಪ್ಪು ಕಣೇ" ಎಂದಷ್ಟೇ ಹೇಳಿದೆ. ಶ್ಯಾಮಲಾ ಬಂದು ಕಾರಿನಲ್ಲಿ ಕೂತಳು. ಕೂತವಳೇ ಗಾಜು ನೋಡಿ, "ರೀ, ಇಲ್ಲಿದ್ದ ಕುಂಕುಮ ಏನಾಯ್ತು?" ಎಂದಳು. ಎಲ್ಲವನ್ನೂ ಹೇಳಲೇಬೇಕಾಯಿತು. ತಪ್ಪಾಯಿತು ಎಂದೂ ಹೇಳಿದೆ. ಅವಳು ಕೈಚಾಚಿ ರೇಡಿಯೋ ಹಾಕಿ, ಸ್ವಲ್ಪ ಜೋರಾಗಿಯೇ ಇಟ್ಟಳು.

ಅಂದಿನಿಂದ ನಾನು ಒಂದು ಕಣ್ಣನ್ನು ಆ ದೀಪದ ಮೇಲೆ, ಇನ್ನೊಂದನ್ನು ಶ್ಯಾಮಲಾಳ ಮುಖದ ಮೇಲೆ ಇಟ್ಟೇ ಕಾರು ಓಡಿಸುತ್ತೇನೆ. ರಸ್ತೆಯನ್ನು ಅವಳು ನೋಡಿಕೊಳ್ಳುತ್ತಾಳೆ.